ಗೆಳೆಯನಿಗೊಂದು ಪತ್ರ: ಫೋಟೊದಲ್ಲಿ ನಿಂತವಳನ್ನು ಕೇಳು

ಪ್ರೀತಿಯ ಗೆಳೆಯಾ,

ನೀನು ತೆಗೆದು ಕಳಿಸಿದ ಫೋಟೊಗಳನ್ನೆಲ್ಲ ನೋಡಿದೆ. ಮಣಿಪಾಲದ ಹೆರಿಟೇಜ್ ವಿಲೇಜಿನ ಹಳೆ ಮನೆ, ಉಡುಪಿ ಸೀರೆ, ಜಡೆ ತುಂಬ ಮಲ್ಲಿಗೆ. ಬೆಳಕೂ ಹದವಾಗಿ ಬಿದ್ದಿದೆ. ಆದರೆ ಆ ಹುಡುಗಿ ಎಂಥವಳು ಅಂತ ಎಷ್ಟು ನೋಡಿದರೂ ಗೊತ್ತಾಗಲಿಲ್ಲ. ಆ ಮನೆಯ ಕಂಬದ ಹಾಗೆ ಅವಳೂ ನಿಂತಿದ್ದಾಳೆ.

ಎನ್. ಪುಷ್ಪಮಾಲಾ ಅವರ ಕೆಲಸ ಒಮ್ಮೆ ನೋಡು. ಬೆಂಗಳೂರಿನ ಕಲಾವಿದೆ. ಕಲಿತದ್ದು ಶಿಲ್ಪಕಲೆ, ಆದರೆ ತಾವೇ ವೇಷ ಹಾಕಿ ಫೋಟೊದಲ್ಲಿ ನಿಲ್ಲುತ್ತಾರೆ. ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ದಕ್ಷಿಣ ಭಾರತದ ಹೆಂಗಸರ ಬಗ್ಗೆ ಒಂದು ಚಿತ್ರಮಾಲೆ ಮಾಡಿದರು. ಅದರಲ್ಲಿ ಬೆಳದಿಂಗಳಲ್ಲಿ ಕೂತ ರವಿವರ್ಮನ ಹೆಣ್ಣೂ ಅವರೇ, ಪೊಲೀಸರು ಹಿಡಿದ ಹೆಂಗಸೂ ಅವರೇ. ನನ್ನ ಕಣ್ಣು ನಿಂತದ್ದು ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸಿನ ಚಿತ್ರದಲ್ಲಿ. ಹಿಂದೆ ಚೌಕಳಿ ಪರದೆ. ಬ್ರಿಟಿಷರ ಕಾಲದಲ್ಲಿ ಜನರನ್ನು ಹೀಗೆ ನಿಲ್ಲಿಸಿ ಮೈಯಳತೆ ಹಿಡಿಯುತ್ತಿದ್ದರು. ಅಂಥ ಎಷ್ಟೋ ಚಿತ್ರಗಳಲ್ಲಿ ನಿಂತವಳ ಹೆಸರೂ ಇಲ್ಲ. ಪುಷ್ಪಮಾಲಾ ತಾವೇ ಹೋಗಿ ಆ ಜಾಗದಲ್ಲಿ ನಿಂತಿದ್ದಾರೆ. ಅಳತೆ ಹಿಡಿದವನ ಬಗ್ಗೆ ನಾವು ಕೇಳುವ ಹಾಗೆ ಮಾಡಿದ್ದಾರೆ.

ಇಲ್ಲೇ ಉಡುಪಿ ಹತ್ತಿರ, ಮಲ್ಲಿಗೆ ಬೆಳೆಯುವ ಶಂಕರಪುರದಲ್ಲಿ ನನ್ನ ಪರಿಚಯದ ಅಕ್ಕ ಒಬ್ಬರಿದ್ದಾರೆ. ಬೆಳಗ್ಗೆ ಮೊಗ್ಗು ಕೊಯ್ದು, ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಮಾತು ನಮ್ಮ ಜೊತೆ, ಕಣ್ಣು ಗೇಟಿನ ಕಡೆ, ಆದರೂ ಒಂದು ಮೊಗ್ಗು ಆಚೀಚೆ ಆಗುವುದಿಲ್ಲ. ಕಟ್ಟಿದ ಹೂವಿನ ಲೆಕ್ಕ ಚೆಂಡು, ಅಟ್ಟೆಯಲ್ಲಿ: ನಾಲ್ಕು ಚೆಂಡು ಆದರೆ ಒಂದು ಅಟ್ಟೆ. ಹೊತ್ತು ಏರುವ ಮೊದಲೇ ಹೂವು ಕೊಳ್ಳುವ ಕಟ್ಟೆಗೆ ಅದು ಹೋಗಬೇಕು. ಫೋಟೊದವರು ಬಂದರೆ ಬರೀ ಬೆರಳಿನ ಫೋಟೊ ತೆಗೆದುಕೊಂಡು ಹೋಗುತ್ತಾರಂತೆ. ನಾನೂ ಮೊಬೈಲ್ ಎತ್ತಿದಾಗ, "ಎಷ್ಟು ಸಲ ಕೈಯದ್ದೇ ತೆಗೆಯುವುದು ಮಾರಾಯ್ತಿ? ಮುಖದ್ದು ತೆಗಿ" ಅಂದರು. ಒಳಗೆ ಹೋಗಿ ಮಗಳ ಮದುವೆಗೆ ತೆಗೆದ ಸೀರೆ ಉಟ್ಟು ಬಂದರು. ಕುರ್ಚಿ ಹಾಕಿಸಿ, ಹೂವಿನ ಲೆಕ್ಕದ ಪುಸ್ತಕವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತರು. ತಲೆಗೆ ಮಲ್ಲಿಗೆ ಬೇಡವೇ ಬೇಡ ಅಂದರು.

ಹೂ ಕಟ್ಟುವ ಬೆರಳಿನ ನೂರು ಚಿತ್ರಕ್ಕಿಂತ ಶಂಕರಪುರ ನನಗೆ ಅಕ್ಕನ ಈ ಫೋಟೊದಲ್ಲೇ ಜಾಸ್ತಿ ಕಾಣುತ್ತದೆ. ನಮ್ಮ ಪರಂಪರೆ ಅಂದರೆ ಆ ಲೆಕ್ಕದ ಪುಸ್ತಕವೂ ಹೌದು, ಅಲ್ವಾ?

ನಿನ್ನ ಮಂಗಳೂರಿನ ಪ್ರದರ್ಶನಕ್ಕೆ ಇನ್ನೂ ಸಮಯ ಇದೆ. ಆ ಹುಡುಗಿಯನ್ನು ಕೂರಿಸಿಕೊಂಡು ಪ್ರಿಂಟ್ ಎಲ್ಲ ತೋರಿಸು. ಯಾವುದು ಗೋಡೆಗೆ ಹೋಗಬೇಕು, ಯಾವುದು ಬೇಡ, ಅವಳೇ ಹೇಳಲಿ. ಮತ್ತೆ ತೆಗೆಯುವುದಾದರೆ ಎಲ್ಲಿ, ಏನು ಉಟ್ಟು ಅನ್ನುವುದನ್ನೂ ಅವಳಿಗೇ ಬಿಡು. ಶಂಕರಪುರಕ್ಕೆ ಬರುವುದಾದರೆ ಬೆಳಗ್ಗೆ ಬೇಡ, ಹೂವು ಹೋದ ಮೇಲೆ ಬಾ. ಆಗ ಅಕ್ಕನಿಗೆ ಪುರುಸೊತ್ತು.

ನಿನ್ನ ಗೆಳತಿ,
ಉಡುಪಿ