ಅಪ್ಪ, ನಾಲೆ ಬಯಲಿನ ಗದ್ದೆ ಅಡ ಇಡಬೇಡಿ

ಲೆಸ್ಟರ್, ಇಂಗ್ಲೆಂಡ್
11 ಫೆಬ್ರವರಿ 2025

ತೀರ್ಥರೂಪರಾದ ಅಪ್ಪನಿಗೆ, ಅವ್ವನಿಗೆ ನಮಸ್ಕಾರಗಳು. ನಾನು ಕ್ಷೇಮ. ನೀವೂ ಎಲ್ಲ ಕ್ಷೇಮ ಅಂತ ನಂಬಿದ್ದೇನೆ.

ನಿಮ್ಮ ಕಾಗದ ನಿನ್ನೆ ಕೈಸೇರಿತು. ಭಾವ ಬಂದು ನಾನು ದಿವಾಳಿ ಆದೆ ಅಂತ ಏನೇನೋ ಹೇಳಿ ಹೋದರಂತೆ, ನೀವು ಪಹಣಿ ತೆಗೆಸಿಟ್ಟಿದ್ದೀರಂತೆ, ಯುಗಾದಿಯೊಳಗೆ ನಾಲೆ ಬಯಲಿನ ಗದ್ದೆ ಅಡ ಇಟ್ಟು ದುಡ್ಡು ಕಳಿಸ್ತೀರಂತೆ. ಬೇಡ ಅಪ್ಪ. ಮೊದಲು ಇದೊಂದು ಮಾತು ನಡೆಸಿಕೊಡಿ, ಮಿಕ್ಕಿದ್ದು ಆಮೇಲೆ ಓದಿ.

ತುರ್ಕಿಯಿಂದ ತರಿಸಿ ಮಾರುವ ಸುಟ್ಟ ಕೆಂಪು ಮೆಣಸಿನಕಾಯಿ ಸೀಸೆಗಳ ನನ್ನ ಸರಕು ಮುಳುಗಿಲ್ಲ. ಕಂಟೇನರು ತಪಾಸಣೆಗೆ ಅಂತ ಬಂದರಲ್ಲಿ 9 ದಿನ ನಿಂತಿದ್ದು ನಿಜ, ಅದಕ್ಕೆ ದಿನದ ಲೆಕ್ಕದಲ್ಲಿ ಬಾಡಿಗೆ ಕಟ್ಟಿದ್ದೂ ನಿಜ. ಆಮೇಲೆ ಬಿಟ್ಟರು. ಸೀಸೆಗಳೆಲ್ಲ ಈಗ ಗೋಡೌನಿನಲ್ಲಿವೆ, ಅವುಗಳ ಮಧ್ಯೆ ಕೂತೇ ಈ ಕಾಗದ ಬರೆಯುತ್ತಿದ್ದೇನೆ. ಇನ್ನೊಂದು ತೊಡಕು ಸೀಸೆಗೆ ಅಂಟಿಸುವ ಚೀಟಿಯದ್ದು, ಲೇಬಲ್ ಅಂತಾರಲ್ಲ ಅದು. 2024ರ ಜನವರಿಯಿಂದ ಇಲ್ಲಿ ಮಾರುವ ಸೀಸೆಯ ಮೇಲೆ ಈ ದೇಶದ ವಿಳಾಸವೇ ಇರಬೇಕು. ಕಳಿಸಿದವರು ಕಾಲು ಭಾಗ ಸೀಸೆಗೆ ಜರ್ಮನಿಯ ವಿಳಾಸ ಅಂಟಿಸಿದ್ದರು. ಡಬ್ಬ ಡಬ್ಬ ಬಿಚ್ಚಿ ನಾವು ಮೂರು ಜನ ನಾಲ್ಕು ರಾತ್ರಿ ಕೂತು ಹೊಸ ಚೀಟಿ ಹಚ್ಚಿದೆವು. ಅದೂ ಮುಗಿಯಿತು. ಭಾವನಿಗೆ ಯಾರೋ ಹೇಳಿದ್ದು ಈ ಸಮಾಚಾರವೇ ಇರಬೇಕು, ಊರು ಮುಟ್ಟುವ ಹೊತ್ತಿಗೆ ದಿವಾಳಿ ಆಗಿದೆ.

ದುಡ್ಡು ಯಾಕೆ ಬಿಗಿ ಅಂತ ನಿಮಗೆ ಬಿಡಿಸಿ ಹೇಳಿಬಿಡುತ್ತೇನೆ, ಕಬ್ಬು ಬೆಳೆಯುವ ನಿಮಗೆ ಇದು ಹೊಸದಲ್ಲ. ತುರ್ಕಿಯಲ್ಲಿ ಈ ಕೆಂಪು ಮೆಣಸಿನಕಾಯಿ ಸುಡುವುದು ಆಗಸ್ಟಿಂದ ಅಕ್ಟೋಬರ್‌ವರೆಗೆ ಮಾತ್ರ. ವರ್ಷಕ್ಕೆ ಬೇಕಾದ್ದನ್ನು ಆಗಲೇ ಹೇಳಿಟ್ಟು 30 ಪರ್ಸೆಂಟ್ ಮುಂಗಡ ಕೊಡಬೇಕು, ಹಡಗಿಗೆ ಏರಿದ ಮೇಲೆ ಉಳಿದದ್ದು. ಇಲ್ಲಿ ಅಂಗಡಿಯವರು, ಕೆಫೆಯವರು ಮಾಲು ಇಳಿಸಿಕೊಂಡು 30 ದಿನಕ್ಕೆ ಕೊಡುತ್ತಾರೆ, ಕೆಲವರು 45. ಕಾರ್ಖಾನೆಗೆ ಕಬ್ಬು ಹೊಡೆದರೆ 14 ದಿನದಲ್ಲಿ ಬಿಲ್ಲು ಕೊಡಬೇಕು ಅಂತ ನಮ್ಮಲ್ಲಿ ಕಾನೂನಾದರೂ ಉಂಟು, ಆದರೂ ಎಷ್ಟು ಸಲ ಕಾದಿದ್ದೀರಿ! ಆಗ ನೀವು ಗದ್ದೆ ಅಡ ಇಟ್ಟಿರಾ? ಇಲ್ಲವಲ್ಲ. ಕಾದಿರಿ. ನಾನೂ ಕಾಯುತ್ತಿದ್ದೇನೆ, ಅಷ್ಟೇ. ಮಾರ್ಚ್ ಮುಗಿಯುವಷ್ಟರಲ್ಲಿ ಬರಬೇಕಾದ ಬಾಕಿಯೇ ನನ್ನ ಸಾಲಕ್ಕಿಂತ ಹೆಚ್ಚಿದೆ.

ಸೆಪ್ಟೆಂಬರಿನಲ್ಲಿ ಬುರ್ಸಾ ಕಡೆ ಹೋಗಿ ಅವರು ಸುಡುವುದನ್ನು ನೋಡಿಬಂದೆ. ನಿಮ್ಮನ್ನು ಕರೆದುಕೊಂಡು ಹೋಗಬೇಕಿತ್ತು ಅನ್ನಿಸಿತು. ಥೇಟ್ ಆಲೆಮನೆ. ಅದೇ ಸೆಕೆ, ಅದೇ ಹೊಗೆ, ರಾತ್ರಿಯೂ ನಿಲ್ಲದ ಕೆಲಸ, ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಕಾಯಿಗೆ ಕಾಪ್ಯಾ ಅಂತ ಹೆಸರು. ನಮ್ಮ ದಪ್ಪ ಮೆಣಸಿನಕಾಯಿಯ ಜಾತಿ, ಆದರೆ ಉದ್ದ, ಚಪ್ಪಟೆ, ಸಿಹಿ. ಉರಿಯಲ್ಲಿ ಸಿಪ್ಪೆ ಕರ್ರಗಾಗುವ ತನಕ ಸುಟ್ಟು, ಹೆಣ್ಣುಮಕ್ಕಳು ಸಾಲಾಗಿ ನಿಂತು ತೊಟ್ಟು, ಬೀಜ, ಸಿಪ್ಪೆ ತೆಗೆಯುತ್ತಾರೆ. ಅವ್ವ ಗೊಜ್ಜಿಗೆ ಬದನೆಕಾಯಿ ಸುಟ್ಟಾಗ ಬರುವ ವಾಸನೆಯೇ. ಕಣ್ಣಲ್ಲಿ ನೀರು ಬಂತು, ಹೊಗೆಗೆ ಮಾತ್ರ ಅಲ್ಲ. ಟನ್ ಕಬ್ಬಿಗೆ ನೂರು ಕೆಜಿ ಬೆಲ್ಲ ಇಳಿಯುವ ಹಾಗೆ ಇಲ್ಲೂ ಸವಕಳಿ ಇದೆ, ಅರ್ಧಕ್ಕರ್ಧ ತೂಕ ಹೋಗುತ್ತದೆ. ನನ್ನ ಸೀಸೆ 460 ಗ್ರಾಂ, ನೀರು ಬಸಿದರೆ ಕಾಯಿ 350. ಎರಡೂ ತೂಕ ಚೀಟಿಯಲ್ಲಿ ಬರೆದಿರಲೇಬೇಕು, ಗಿರಾಕಿಗೆ ಮೋಸ ಆಗಬಾರದು ಅಂತ. ಈ ಶಿಸ್ತು ನನಗೆ ಬಹಳ ಹಿಡಿಸಿತು.

ಇದನ್ನು ಇಲ್ಲಿಯವರು ತಣ್ಣಗೇ, ಬ್ರೆಡ್ಡಿನ ಮೇಲೆ ಚೀಸ್ ಜೊತೆ ಇಟ್ಟು ತಿನ್ನುತ್ತಾರೆ. ಒಗ್ಗರಣೆ ಇಲ್ಲ, ಖಾರ ಇಲ್ಲ. ಮೊದಲು ನನಗೂ ಸೇರುತ್ತಿರಲಿಲ್ಲ. ಈಗ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ಚಟ್ನಿ ಅರೆದು ಮುದ್ದೆ ಜೊತೆ ತಿನ್ನುತ್ತೇನೆ, ಪಸಂದಾಗಿರುತ್ತದೆ. ಹೌದು, ಇಲ್ಲಿ ರಾಗಿ ಹಿಟ್ಟು ಸಿಗುತ್ತದೆ, ವಾರಕ್ಕೆ ಮೂರು ದಿನ ಮುದ್ದೆ ತಿರುವುತ್ತೇನೆ. ಸೊರಗಿದ್ದಾನೆ ಅಂತ ಅವ್ವ ಕೊರಗುವುದು ಬೇಡ. ಫೋಟೋದಲ್ಲಿ ಹಾಗೆ ಕಾಣುತ್ತೇನೆ ಅಷ್ಟೇ.

ಪುಟ್ಟಿಗೆ ಒಂದು ಮಾತು. ದಪ್ಪ ಮೆಣಸಿನಕಾಯಿ ಸುಟ್ಟು ಎಣ್ಣೆಯಲ್ಲಿ ಮುಳುಗಿಸಿ ಸೀಸೆಗೆ ತುಂಬಿ ಮೈಸೂರಿನಲ್ಲಿ ಮಾರ್ತೀನಿ ಅಂದಿದ್ದಾಳಲ್ಲ, ಸದ್ಯಕ್ಕೆ ಬೇಡ ಅನ್ನಿ. ಉಪ್ಪಿನಕಾಯಿಗೆ ಉಪ್ಪು, ಹುಳಿ ಕಾವಲಿರುತ್ತವೆ. ಇದಕ್ಕೆ ಎರಡೂ ಕಡಿಮೆ. ಎಣ್ಣೆಯೊಳಗಿನ ಹಾಗೆ ಗಾಳಿ ಆಡದ ಕಡೆ ಬೆಳೆಯುವ ಬಾಟುಲಿನಮ್ ಅನ್ನೋ ಸೂಕ್ಷ್ಮಾಣು ಇದೆ, ಅದರ ವಿಷ ಮೂಗಿಗೂ ತಿಳಿಯದು, ನಾಲಗೆಗೂ ತಿಳಿಯದು, ಜೀವ ತೆಗೆಯುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ವಿನೆಗರ್ ಇಲ್ಲವೇ ನಿಂಬೆಹುಳಿಯ ಆಮ್ಲ ಹಾಕಿ, ಹುಳಿಯ ಅಳತೆಯಾದ ಪಿ.ಎಚ್. 4.6ಕ್ಕಿಂತ ಕೆಳಗೆ ಬಂತಾ (ಕೆಳಗಿದ್ದಷ್ಟೂ ಹುಳಿ ಜಾಸ್ತಿ) ಅಂತ ಅಳೆದು, ಮುಚ್ಚಳ ಹಾಕಿ ಬಿಸಿ ಮಾಡುತ್ತಾರೆ. ನಾನು ಒಂದೊಂದು ಸೀಸೆಯ ಮುಚ್ಚಳವನ್ನೂ ನಡುವೆ ಬೆರಳಿಟ್ಟು ಒತ್ತಿ ನೋಡುತ್ತೇನೆ. ಒಳಕ್ಕೆ ತಗ್ಗಿದ್ದರೆ ಸರಿ. ಉಬ್ಬಿದ್ದರೆ, ಟಕ್ ಅಂದರೆ, ಅದು ಕಸಕ್ಕೆ. ಈ ಸಲ ಮೂವತ್ತೊಂದು ಹೋದವು. ಅವಳು ಮಾಡಲೇಬೇಕು ಅಂದರೆ ಮೊದಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಗೆ ಹೋಗಿ ಕಲಿತುಕೊಳ್ಳಲಿ, ಮನೆ ಬಾಗಿಲಲ್ಲೇ ಇದೆ. ಫೀಸು ನಾನು ಕಳಿಸುತ್ತೇನೆ.

ಕಾರು ಮಾರಿದೆ ಅಂತ ಭಾವ ಹೇಳಿದ್ದು ಸುಳ್ಳಲ್ಲ. ವ್ಯಾನ್ ಇರುವಾಗ ಕಾರು ಯಾಕೆ? ಅದಕ್ಕೆ ಅವ್ವ ಅಳುವುದು ಬೇಡ. ನನಗೆ ಯಾವ ತೊಂದರೆಯೂ ಇಲ್ಲ. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಸಾಲಗಾರರು ಯಾರೂ ಬಾಗಿಲಿಗೆ ಬಂದಿಲ್ಲ. ನಿಜವಾಗಿ ಅಪ್ಪ. ಆ ಗದ್ದೆ ತಾತ ನಾಲೆ ನೀರು ನಂಬಿಕೊಂಡು ಮಟ್ಟ ಮಾಡಿದ್ದು. ಅದರ ಮೇಲೆ ಸಾಲ ಇದೆ ಅಂತಾದರೆ ಆಗ ನನಗೆ ನಿದ್ದೆ ಬರಲ್ಲ.

ಬೇಸಿಗೆ ಬೆಳೆಗೆ ಕಟ್ಟು ನೀರು ಬಿಡುತ್ತಾರಂತಾ? ಬರೆಯಿರಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಲೋಡ್ ಒಯ್ಯುವವನು ಬಂದು ಹಾರ್ನ್ ಹೊಡೀತಿದ್ದಾನೆ, 40 ಡಬ್ಬ ಏರಿಸಬೇಕು. ಪಹಣಿ ಟ್ರಂಕಿಗೆ ಹಾಕಿ ಬೀಗ ಹಾಕಿ, ಬೀಗದ ಕೈ ಅವ್ವನ ಹತ್ತಿರ ಇರಲಿ. ಭಾನುವಾರ ಫೋನ್ ಮಾಡುತ್ತೇನೆ.

ಇಂತಿ ನಿಮ್ಮ ಮಗ