ತಂಪು ಮಾಡುವಷ್ಟೇ ಎಚ್ಚರ ಬಿಸಿ ಮಾಡುವಾಗಲೂ ಬೇಕು

ಮಾನ್ಯ ಸಂಪಾದಕರೇ,

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಬಾಗಿದ ಭಾಗದ, ಅಂದರೆ ಕಮಾನಿನ, ಶಸ್ತ್ರಚಿಕಿತ್ಸೆ ಸುದ್ದಿಯಾದಾಗಲೆಲ್ಲ ‘ಹೃದಯ ನಿಲ್ಲಿಸಿ ಜೀವ ಉಳಿಸಿದರು’ ಎಂಬ ತಲೆಬರಹ ಕಾಣುತ್ತದೆ. ಹೃದಯ ನಿಲ್ಲಿಸುವುದು ಕವಾಟ ಬದಲಿಸುವಾಗಲೂ ನಡೆಯುವ ಕೆಲಸ. ಆಗ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಮಷಿನ್ ಮಿದುಳಿಗೆ ರಕ್ತ ಹರಿಸುತ್ತಲೇ ಇರುತ್ತದೆ. ಕಮಾನನ್ನು ಬಿಚ್ಚಿದಾಗ ಆ ಮಷಿನ್ನೂ ನಿಲ್ಲಬೇಕಾಗುತ್ತದೆ, ಏಕೆಂದರೆ ತಲೆ ಮತ್ತು ಕೈಗಳಿಗೆ ಹೋಗುವ ಮೂರು ದೊಡ್ಡ ರಕ್ತನಾಳಗಳು ಹುಟ್ಟುವುದು ಹೊಲಿಯಬೇಕಾದ ಜಾಗದಲ್ಲೇ. ಕಷ್ಟವಿರುವುದು ಇಲ್ಲಿ.

ಮಾಮೂಲಿ 37 ಡಿಗ್ರಿಯಲ್ಲಿ ರಕ್ತವಿಲ್ಲದೆ ಮಿದುಳು ತಾಳುವುದು ನಾಲ್ಕೈದು ನಿಮಿಷ. ದೇಹವನ್ನು 18ರಿಂದ 20 ಡಿಗ್ರಿಗೆ ಇಳಿಸಿದರೆ ಆಮ್ಲಜನಕದ ಬೇಡಿಕೆ ಸುಮಾರು ಐದನೇ ಒಂದು ಪಾಲಿಗೆ ಕುಗ್ಗಿ, 25–30 ನಿಮಿಷ ಕೈಗೆ ಸಿಗುತ್ತವೆ. ನಲವತ್ತು ನಿಮಿಷ ದಾಟಿತೆಂದರೆ ಪಾರ್ಶ್ವವಾಯುವಿನ ಭಯ ಏರುತ್ತದೆ. 1975ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ಗ್ರೀಪ್ ಮತ್ತು ಸಂಗಡಿಗರು ಕಮಾನಿನ ಚಿಕಿತ್ಸೆಗೆ ಈ ತಂಪಿನ ದಾರಿಯನ್ನು ತೋರಿಸಿಕೊಟ್ಟರು. ಅವಸರದಲ್ಲಿ ತಂಪು ಮಾಡಿದರೆ ಮೂಗಿನ ಹಿಂಭಾಗದ ಥರ್ಮಾಮೀಟರ್ 20 ಎಂದು ತೋರಿಸಿದರೂ ಮಿದುಳಿನ ಒಳಭಾಗ ಇನ್ನೂ ಬೆಚ್ಚಗಿರಬಹುದು. ಅದಕ್ಕೇ ಮೂಗು, ಮೂತ್ರಕೋಶ ಎರಡು ಕಡೆಯೂ ತಾಪಮಾನ ನೋಡುತ್ತೇವೆ. ತಂಪಾಗಲು ಕನಿಷ್ಠ ಅರ್ಧ ಗಂಟೆ ಕೊಡುತ್ತೇವೆ. ತಲೆಯ ಸುತ್ತ ಐಸ್ ಚೀಲ ಇಡುವಾಗ ಕಣ್ಣು, ಕಿವಿ, ಮೂಗನ್ನು ಬಟ್ಟೆಯಿಂದ ಮುಚ್ಚಬೇಕು. ಇದನ್ನು ಮರೆತರೆ ಚರ್ಮ ಸುಟ್ಟಂತಾಗುತ್ತದೆ.

ಈಗ ಹೆಚ್ಚಿನ ತಂಡಗಳು ಬಲ ಕಂಕುಳಿನ ಧಮನಿಗೆ ಕೊಳವೆ ಹಾಕಿ ಮಿದುಳಿಗಷ್ಟೇ ರಕ್ತ ಕೊಡುತ್ತವೆ. ಆಗ 24–28 ಡಿಗ್ರಿಯ ತಂಪೂ ಸಾಕಾಗುತ್ತದೆ. ಪ್ರಮಾಣ ನಿಮಿಷಕ್ಕೆ ಕೆ.ಜಿ.ಗೆ ಸುಮಾರು 10 ಮಿ.ಲೀ.; 60 ಕೆ.ಜಿ. ತೂಕದವರಿಗೆ 600. ಬಲ ಮಣಿಕಟ್ಟಿನ ರಕ್ತದೊತ್ತಡ 50–70 ಮಿ.ಮೀ. ಪಾದರಸದಷ್ಟಿರಬೇಕು. ಕಡಿಮೆಯಾದರೆ ಮಿದುಳು ಬರಗೆಡುತ್ತದೆ, ಹೆಚ್ಚಾದರೆ ಊದುತ್ತದೆ. ಬಲಬದಿಯಿಂದ ಕೊಟ್ಟ ರಕ್ತ ಎಡಬದಿಗೆ ದಾಟಲು ಮಿದುಳಿನ ತಳದಲ್ಲಿ ರಕ್ತನಾಳಗಳ ಉಂಗುರವೊಂದಿದೆ. ಆದರೆ ಎಷ್ಟೋ ಜನರಲ್ಲಿ ಆ ಉಂಗುರ ಪೂರ್ಣವಾಗಿ ಕೂಡಿರುವುದಿಲ್ಲ. ಹಣೆಯ ಎರಡೂ ಕಡೆ ಆಮ್ಲಜನಕ ಅಳೆಯುವ ಪಟ್ಟಿ ಅಂಟಿಸಬೇಕೆನ್ನುವುದು ಇದಕ್ಕೇ. ಎಡದ ಅಂಕೆ ಮೊದಲಿಗಿಂತ 20 ಶೇಕಡಾ ಇಳಿದರೆ ಕೊಳವೆಯ ಜಾಗ, ಒತ್ತಡ, ರಕ್ತದ ಇಂಗಾಲದ ಡೈಆಕ್ಸೈಡ್ ನೋಡಿ, ಸರಿಹೋಗದಿದ್ದರೆ ಎಡ ಕುತ್ತಿಗೆಯ ಧಮನಿಗೂ ಕೊಳವೆ ಹಾಕಬೇಕು. ಒಂದೇ ಪಟ್ಟಿಯಲ್ಲಿ ಖರ್ಚು ಉಳಿಸುವುದು ನಮಗೆ ಒಪ್ಪಿಗೆಯಿಲ್ಲ.

ಹೊಲಿಗೆ ಮುಗಿದ ಮೇಲಿನ ಹೊತ್ತಿನ ಬಗ್ಗೆ ಯಾರೂ ಬರೆಯುವುದಿಲ್ಲ. ಎಲ್ಲರಿಗೂ ಮನೆಗೆ ಹೋಗುವ ತವಕ, ಹೊರಗೆ ಮನೆಯವರ ಕಾತರ. ಆದರೆ ಮಿದುಳು ಕೆಡುವುದು ಬಹಳ ಸಲ ಬಿಸಿ ಮಾಡುವಾಗಲೇ. ಮೊದಲ ಕೆಲವು ನಿಮಿಷ ತಂಪು ರಕ್ತವನ್ನೇ ಓಡಿಸಬೇಕು. ಮಷಿನ್‌ನಿಂದ ಹೋಗುವ ರಕ್ತಕ್ಕೂ ದೇಹದಿಂದ ಮರಳುವ ರಕ್ತಕ್ಕೂ 10 ಡಿಗ್ರಿಗಿಂತ ಹೆಚ್ಚು ಅಂತರ ಬೇಡ. ಅಂತರ ಹೆಚ್ಚಾದರೆ ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಯಾಗುತ್ತದೆ. ಹೋಗುವ ರಕ್ತ 37 ಡಿಗ್ರಿ ದಾಟಲೇಬಾರದು, ಏಕೆಂದರೆ ಮೂಗಿನ ಅಂಕೆ ಮಿದುಳಿನ ನಿಜವಾದ ಬಿಸಿಗಿಂತ ಕಡಿಮೆ ತೋರಿಸುತ್ತದೆ. 30 ಡಿಗ್ರಿಯ ನಂತರ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ಬೇಗ ಏರಿಸಬಾರದು. ಆದ್ದರಿಂದ ‘ಇನ್ನೂ ಒಂದು ಗಂಟೆ’ ಎಂದು ಥಿಯೇಟರಿನಿಂದ ಹೇಳಿಕಳಿಸಿದರೆ ಬಂಧುಗಳು ದಯವಿಟ್ಟು ಗಾಬರಿಪಡಬೇಡಿ, ಬೇಗ ಮುಗಿಸಿ ಎಂದು ಒತ್ತಾಯಿಸಲೂಬೇಡಿ.

ಕುಂದಾಪುರ, ಕಾರ್ಕಳ, ಕಾಸರಗೋಡಿನಿಂದ ಮಂಗಳೂರಿಗೆ ರೋಗಿಯನ್ನು ಕಳಿಸುವ ವೈದ್ಯರಲ್ಲೂ ಒಂದು ವಿನಂತಿ. ಎದೆ ಸೀಳಿ ಬೆನ್ನಿಗೆ ಹೋದಂಥ ನೋವಿದ್ದರೆ ಎರಡೂ ಕೈಗಳ ಬಿ.ಪಿ. ನೋಡಿ ಚೀಟಿಯಲ್ಲಿ ಬರೆಯಿರಿ. ಬಲಗೈ ನಾಡಿ ಕುಂದಿದ್ದರೆ ಮಹಾಪಧಮನಿಯ ಗೋಡೆಯ ಬಿರುಕು ತಲೆಯ ಕಡೆಗಿನ ರಕ್ತನಾಳಕ್ಕೂ ಹಬ್ಬಿರಬಹುದು, ಕಂಕುಳಿನ ಕೊಳವೆಯ ಲೆಕ್ಕವೇ ಬದಲಾಗುತ್ತದೆ. ರಕ್ತ ತೆಳುವಾಗಿಸುವ ಮದ್ದು ಕೊಟ್ಟಿದ್ದರೆ ಅದನ್ನೂ, ಮಾತು ತೊದಲಿದ್ದರೆ ಅಥವಾ ಕೈ ಸೋತಿದ್ದರೆ ಎಷ್ಟು ಗಂಟೆಗೆ ಎಂಬುದನ್ನೂ ತಪ್ಪದೆ ನಮೂದಿಸಿ.

– ಹೃದಯ ಶಸ್ತ್ರಚಿಕಿತ್ಸೆಯ ಕೆಲವು ಪರ್ಫ್ಯೂಷನಿಸ್ಟರು (ಹಾರ್ಟ್-ಲಂಗ್ ಮಷಿನ್ ನಡೆಸುವವರು) ಮತ್ತು ಅರಿವಳಿಕೆ ತಜ್ಞರು, ಮಂಗಳೂರು