ಗೃಹ ಸಚಿವರಿಗೆ ಬಹಿರಂಗ ಪತ್ರ: ಲಾಮಾಗಳ ಔಷಧಿಗೆ ಬಂದ ದುಡ್ಡು ಔಷಧಿಗೇ ಹೋಗಲಿ

ಮಾನ್ಯ ಕೇಂದ್ರ ಗೃಹ ಸಚಿವರಿಗೆ,

ನಮಸ್ಕಾರ. ನಾನು ಕುಶಾಲನಗರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಕಾವೇರಿ ಸೇತುವೆ ದಾಟಿದರೆ ಕೊಪ್ಪ. ಅಲ್ಲಿಂದ ಒಳಗೆ ಹೋದರೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪುಗಳು. ಟೂರಿಸ್ಟುಗಳಿಗೆ ಅದು ಗೋಲ್ಡನ್ ಟೆಂಪಲ್. ನನಗೆ ಅದು ಅರ್ಧ ವ್ಯಾಪಾರ. ಹಾಗಾಗಿ ಈ ಪತ್ರದಲ್ಲಿ ನನ್ನ ಸ್ವಾರ್ಥವೂ ಇದೆ, ಮೊದಲೇ ಹೇಳಿಬಿಡ್ತೇನೆ.

ಕೇಳೋದು ಎರಡೇ ಎರಡು. ಟಿಬೆಟಿಯನ್ ಮಠಗಳ ಔಷಧಿ, ಊಟ, ಆಸ್ಪತ್ರೆ ಖರ್ಚಿಗೆ ಹೊರಗಿನಿಂದ ಬರುವ ದೇಣಿಗೆಯನ್ನು ದೊಡ್ಡ ಮಠ ಸಣ್ಣ ಮಠಕ್ಕೆ ದಾಟಿಸಲು ಬಿಡಿ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ) ಕಾಯ್ದೆಯ 50ನೇ ಸೆಕ್ಷನ್‌ನಲ್ಲಿ ವಿನಾಯಿತಿ ಕೊಡುವ ಅಧಿಕಾರ ನಿಮ್ಮ ಸರ್ಕಾರಕ್ಕೇ ಇದೆ. ಎರಡನೆಯದು, ಅಲ್ಲಿ ಸೇವೆಗೆ ಬರುವ ಹೊರದೇಶದ ಡಾಕ್ಟರು, ನರ್ಸುಗಳ ಪಿಎಪಿ, ಅಂದರೆ ಕ್ಯಾಂಪಿನಲ್ಲಿ ತಂಗೋಕೆ ಬೇಕಾದ ಪರ್ಮಿಟ್ ಅರ್ಜಿಗೆ ಮೂವತ್ತು ದಿನದಲ್ಲಿ ಉತ್ತರ ಕೊಡಿ. ಆಗೋದಿಲ್ಲ ಅಂದರೆ ಆಗೋದಿಲ್ಲ ಅಂತಲೇ ಹೇಳಿ. ಪಿಎಪಿ ಅಂದರೇನು, ದೇಣಿಗೆ ದಾಟಿಸಬಾರದು ಅನ್ನೋ ಅದೇ ಕಾಯ್ದೆಯ ಸೆಕ್ಷನ್ 7 ಏನು ಹೇಳುತ್ತೆ ಅಂತ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಎರಡೂ ನಿಮ್ಮ ಇಲಾಖೆಯವೇ.

ನಮ್ಮ ಅಂಗಡಿಗೆ ಒಂದು ಸಣ್ಣ ಮಠದಿಂದ ಒಬ್ಬ ಲಾಮಾ ಬರ್ತಾರೆ. ಮಠದ ಕ್ಲಿನಿಕ್ ನೋಡಿಕೊಳ್ಳೋದು ಅವರೇ. ಕನ್ನಡ ನನಗಿಂತ ಚೆನ್ನಾಗಿ ಮಾತಾಡ್ತಾರೆ. ಮೊದಲೆಲ್ಲ ತಿಂಗಳ ಪಟ್ಟಿ ಕೊಟ್ಟು, ರಟ್ಟಿನ ಡಬ್ಬಿಯಲ್ಲಿ ಔಷಧಿ ತುಂಬಿಸಿಕೊಂಡು ಹೋಗ್ತಿದ್ದರು. ಈಗ ಪಟ್ಟಿ ಹಿಡಿದು ಕೌಂಟರ್ ಮುಂದೆ ನಿಲ್ತಾರೆ. ಬಿಪಿ ಮಾತ್ರೆಯ ಸ್ಟ್ರಿಪ್ ಕೈಗೆ ಕೊಟ್ಟರೆ, "ಅಣ್ಣಾ, ಐದು ಸಾಕು, ಕತ್ತರಿಸಿ ಕೊಡಿ" ಅಂತಾರೆ. ವಯಸ್ಸಾದ ಲಾಮಾಗಳಿಗೆ ದಿನ ಬಿಟ್ಟು ದಿನ ಕೊಡ್ತಿದ್ದಾರೆ ಅಂತ ನನಗೆ ಗೊತ್ತು. ಹಾಗೆ ಕೊಡಬಾರದು ಅಂತ ಅವರಿಗೂ ಗೊತ್ತು. ಇನ್ಸುಲಿನ್ ಮಾತ್ರ ನಾನು ಕಡಿಮೆ ಮಾಡೋಕೆ ಬಿಡಲ್ಲ. "ಈ ತಿಂಗಳೂ ಬರೆದುಕೊಳ್ಳಿ ಅಣ್ಣಾ" ಅಂತಾರೆ. ಬರೆದುಕೊಳ್ತೇನೆ.

ಹೀಗೆ ಬರೆದುಕೊಂಡು ಬರೆದುಕೊಂಡು ನನ್ನ ಸಾಲದ ಪುಸ್ತಕದಲ್ಲಿ ಆ ಮಠದ ಪುಟಗಳೇ ಜಾಸ್ತಿ ಆಗಿವೆ. ಹೋಲ್‌ಸೇಲ್‌ನವರಿಗೆ ಬೌದ್ಧ ಧರ್ಮದ ಕರುಣೆ ಎಲ್ಲ ಗೊತ್ತಾಗಲ್ಲ ಸ್ವಾಮಿ, ವಾಯಿದೆ ಮುಗಿದ ದಿನ ಚೆಕ್ ಕೇಳ್ತಾರೆ. ನನ್ನ ಹೆಂಡತಿಯ ಬಳೆ ಬ್ಯಾಂಕಿನಲ್ಲಿ ಅಡವಿದೆ. ಮಗಳ ಕಾಲೇಜು ಫೀಸಿಗೆ ಅಂತ ಇಟ್ಟಿದ್ದ ಎಫ್‌ಡಿ ಅವಧಿಗೆ ಮುಂಚೆನೇ ಮುರಿದಿದ್ದೇನೆ. ಮನೆಯಲ್ಲಿ ಈ ವಿಷಯ ಎತ್ತಿದರೆ ಸಾಕು, ಊಟದ ತಟ್ಟೆ ಜೋರಾಗಿ ಸದ್ದು ಮಾಡುತ್ತೆ. ಸಾಲ ಕೊಡೋದು ನಿಲ್ಲಿಸು ಅಂತ ನೀವೂ ಹೇಳಬಹುದು. ಎದುರಿಗೆ ನಿಂತವರಿಗೆ ಇನ್ಸುಲಿನ್ ಇಲ್ಲ ಅನ್ನೋದು ಹೇಗೆ, ಅದನ್ನೂ ಹೇಳಿಕೊಡಿ.

ದುಡ್ಡು ಇಲ್ಲ ಅಂತೇನಿಲ್ಲ. ಇದೇ ಮಠದ ಕ್ಲಿನಿಕ್‌ಗೆ ಅಂತ ಹೊರದೇಶದ ಭಕ್ತರು ವರ್ಷಗಳಿಂದ ಕೊಡ್ತಿದ್ದರು. ಅವರಿಗೆ ಪರಿಚಯ ದೊಡ್ಡ ಮಠದ್ದು. ಅಲ್ಲಿಗೆ ಕಳಿಸೋರು, ಅಲ್ಲಿಂದ ನಿಮ್ಮ ಇಲಾಖೆಯ ಅನುಮತಿ ಪಡೆದು ಸಣ್ಣ ಮಠಕ್ಕೆ ಬರೋದು. 2020ರ ಸೆಪ್ಟೆಂಬರ್‌ನಲ್ಲಿ ಕಾಯ್ದೆ ತಿದ್ದಿದಿರಿ. ವಿದೇಶಿ ದೇಣಿಗೆ ಪಡೆದವರು ಅದನ್ನು ಇನ್ಯಾರಿಗೂ ದಾಟಿಸುವ ಹಾಗಿಲ್ಲ ಅಂದಿರಿ. ಎಲ್ಲರೂ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು ಅಂದಿರಿ. ಅದನ್ನೂ ತೆರೆದರು ಪಾಪ. ದುರುಪಯೋಗ ತಡೆಯೋಕೆ ಅಂದಿರಿ, ಸುಪ್ರೀಂ ಕೋರ್ಟ್ ಕೂಡ 2022ರಲ್ಲಿ ಒಪ್ಪಿತು. ಸರಿ, ಕಳ್ಳರನ್ನು ಹಿಡಿಯಿರಿ. ಗಾಜ್ ಬಟ್ಟೆ, ಗ್ಲೂಕೋಸ್ ಸ್ಟ್ರಿಪ್ ಕೊಳ್ಳೋರನ್ನೂ ಅದೇ ಬಲೆಯಲ್ಲಿ ಯಾಕೆ ಎಳೀತೀರಿ?

ದೊಡ್ಡ ಮಠವೇ ನೇರವಾಗಿ ನನ್ನ ಬಿಲ್ ಕಟ್ಟಲಿ ಅಂತ ಕೇಳಿ ನೋಡಿದೆವು. ಅವರ ಆಡಿಟರ್ ಒಪ್ಪಲಿಲ್ಲ. ನಾಳೆ ನೋಂದಣಿ ರದ್ದಾದರೆ ಯಾರು ಹೊಣೆ ಅಂದರು. ಅವರನ್ನೂ ಬೈಯೋ ಹಾಗಿಲ್ಲ, ಆ ಭಯ ಹುಟ್ಟಿಸಿದ್ದು ನೀವು. ಹಾಗಾದರೆ ಸಣ್ಣ ಮಠವೇ ಸ್ವಂತ ನೋಂದಣಿ ಮಾಡಿಸಿಕೊಳ್ಳಲಿ ಅಂತೀರಾ? ಅದಕ್ಕೆ ಹಿಂದಿನ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು ಅಂತ ನಿಮ್ಮದೇ ನಿಯಮ. ಅಷ್ಟು ದುಡ್ಡಿದ್ದರೆ ಅವರು ನನ್ನ ಹತ್ತಿರ ಅರ್ಧ ಸ್ಟ್ರಿಪ್ ಯಾಕೆ ಕೇಳ್ತಿದ್ದರು?

ಇವರು ಯಾಕೆ ಇಲ್ಲಿದ್ದಾರೆ ಅನ್ನೋದನ್ನು ಒಮ್ಮೆ ನೆನಪು ಮಾಡ್ತೇನೆ, ಜಾಸ್ತಿ ಎಳೆಯಲ್ಲ. 1959ರಲ್ಲಿ ಲ್ಹಾಸಾ ಬಿಟ್ಟು ಬಂದ ಲಾಮಾಗಳಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಂಗಾಳದ ಬಕ್ಸಾದಲ್ಲಿ ಇಟ್ಟರು. ಬ್ರಿಟಿಷರು ಕೈದಿಗಳನ್ನು ಇಡ್ತಿದ್ದ ಜಾಗ ಅದು. ಹತ್ತು ವರ್ಷ ಅಲ್ಲೇ ಇದ್ದು ಓದಿದರು. ಟಿಬಿಯಿಂದ ಎಷ್ಟೋ ಜನ ಸತ್ತರು. ಅಷ್ಟರಲ್ಲಿ ನಮ್ಮ ಮೈಸೂರು ಸರ್ಕಾರ 1960ರಲ್ಲಿ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತ್ತು. ಬಕ್ಸಾದಲ್ಲಿ ಉಳಿದವರಲ್ಲಿ ಸೆರಾ ಮಠದವರು 1970ರ ಹೊತ್ತಿಗೆ ಇಲ್ಲಿಗೆ ಬಂದರು, ಡ್ರೆಪುಂಗ್ ಮತ್ತು ಗಾಂಡೆನ್ ಮಠದವರು ಮುಂಡಗೋಡಿಗೆ. ಕಾಡು ಕಡಿದು ಜೋಳ ಬೆಳೆದರು. ಆನೆ ಬಂದರೆ ತಗಡು ಬಡಿದು ಓಡಿಸ್ತಿದ್ದರು ಅಂತ ನಮ್ಮಪ್ಪ ಹೇಳ್ತಿದ್ದರು. ಈಗ ನನ್ನ ಹತ್ತಿರ ಐದೈದು ಮಾತ್ರೆ ಕೊಂಡುಹೋಗುವುದು ಅದೇ ತಲೆಮಾರಿನವರಿಗೆ.

ಟಿಬೆಟಿನಲ್ಲಿ ಈಗ ಹೇಗಿದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಗಡಿ ಕಾಯೋ ಐಟಿಬಿಪಿ ನಿಮ್ಮದೇ ಅಲ್ವಾ. ದಲೈ ಲಾಮಾ ಗುರುತಿಸಿದ ಪಂಚೆನ್ ಲಾಮಾನನ್ನು, ಅಂದರೆ ಅವರ ನಂತರದ ದೊಡ್ಡ ಗುರುವನ್ನು, ಚೀನಾದವರು 1995ರ ಮೇ 17ರಂದು ಎತ್ತಿಕೊಂಡು ಹೋದರು. ಆಗ ಅವನಿಗೆ ಆರು ವರ್ಷ. ಇವತ್ತಿಗೂ ಜನರ ಹತ್ತಿರ ಇರೋದು ಆ ಮಗುವಿನ ಫೋಟೋನೇ. ಟಿಬೆಟಿಯನ್ನರ ದೊಡ್ಡ ಬೌದ್ಧ ವಿದ್ಯಾಕೇಂದ್ರ ಲರುಂಗ್ ಗಾರ್‌ನಲ್ಲಿ 2016ರಲ್ಲಿ ಸನ್ಯಾಸಿ, ಸನ್ಯಾಸಿನಿಯರ ಮನೆಗಳನ್ನು ಸಾಲು ಸಾಲಾಗಿ ಕೆಡವಿದರು. 2009ರಿಂದ ಈಚೆಗೆ 150ಕ್ಕೂ ಹೆಚ್ಚು ಟಿಬೆಟಿಯನ್ನರು ಮೈಗೆ ಬೆಂಕಿ ಹಚ್ಚಿಕೊಂಡಿದ್ದಾರೆ. ಲಾಮಾ ಮರುಜನ್ಮ ತಾಳಬೇಕಾದರೂ ಸರ್ಕಾರದ ಅನುಮತಿ ಬೇಕು ಅಂತ 2007ರಲ್ಲಿ ಚೀನಾ ಆದೇಶ ಹೊರಡಿಸಿದೆ. ಹುಟ್ಟೋಕೆ ಪರ್ಮಿಟ್ ಕೇಳುವ ಸರ್ಕಾರದಿಂದ ತಪ್ಪಿಸಿಕೊಂಡು ಬಂದವರು ಇವರು. ಇಲ್ಲಿ ಅವರ ಕಾಲಿಗೆ ಬ್ಯಾಂಡೇಜ್ ಕಟ್ಟೋಕೂ ಪರ್ಮಿಟ್ ಬೇಕು.

ತಮಾಷೆ ಮಾಡ್ತಿಲ್ಲ. ನಾನೇ ಕಣ್ಣಾರೆ ಕಂಡದ್ದು.

ಹೊರದೇಶದ ಒಬ್ಬ ನರ್ಸಮ್ಮ ಸ್ವಂತ ಖರ್ಚಿನಲ್ಲಿ ಬಂದಿದ್ದರು. ರಿಟೈರ್ ಆದವರು. ಸಕ್ಕರೆ ಕಾಯಿಲೆಯಿಂದ ಕಾಲಿಗೆ ಗಾಯ ಆದವರಿಗೆ ಡ್ರೆಸ್ಸಿಂಗ್ ಹೇಗೆ ಮಾಡಬೇಕು ಅಂತ ಮಠದ ಹುಡುಗರಿಗೆ ಕಲಿಸೋಕೆ. ಪರ್ಮಿಟ್‌ಗೆ ತುಂಬಾ ಮುಂಚೆನೇ ಅರ್ಜಿ ಹಾಕಿದ್ದರು. ಅದು ಯಾವ ಮೇಜಿನ ಮೇಲೆ ಮಲಗಿತ್ತೋ ಯಾರಿಗೂ ಗೊತ್ತಿಲ್ಲ. ಒಂದು ಸಂಜೆ ನಾನು ಡ್ರೆಸ್ಸಿಂಗ್ ಸಾಮಾನು ಕೊಡೋಕೆ ಹೋಗಿದ್ದೆ. ಒಬ್ಬ ಮುದುಕ ಲಾಮಾ ಸ್ಟೂಲ್ ಮೇಲೆ ಕಾಲು ಚಾಚಿ ಕೂತಿದ್ದರು. ಹಿಮ್ಮಡಿಯ ಗಾಯ ತೊಳೆದು, ಗಾಜ್ ಇಟ್ಟು, ಬ್ಯಾಂಡೇಜ್ ಎರಡು ಸುತ್ತು ಬಂದಿತ್ತು. ಹುಡುಗರು ಮೊಬೈಲ್ ಟಾರ್ಚ್ ಹಿಡಿದು ಬಗ್ಗಿ ನೋಡ್ತಿದ್ದರು. ಆಗ ಒಂದು ಕಚೇರಿಯಿಂದ ಇಬ್ಬರು ಬಂದರು. ಕತ್ತಲಾಯ್ತು, ಪರ್ಮಿಟ್ ಇಲ್ಲದೆ ವಿದೇಶಿಯರು ಕ್ಯಾಂಪಿನಲ್ಲಿ ತಂಗುವ ಹಾಗಿಲ್ಲ, ಈಗಲೇ ಹೊರಡಬೇಕು. ಆಯಮ್ಮ ಹತ್ತು ನಿಮಿಷ ಕೇಳಿದರು. "ಅದನ್ನೆಲ್ಲ ಬೇರೆಯವರು ಕಟ್ಕೋತಾರೆ" ಅಂತ ಉತ್ತರ. ಬ್ಯಾಂಡೇಜಿನ ಸುರುಳಿ ಕೈಜಾರಿ ನೆಲಕ್ಕೆ ಬಿತ್ತು. ಮುದುಕರು ಬಗ್ಗಿ ಅದರ ತುದಿ ಹಿಡಿದುಕೊಂಡು ಹಾಗೇ ಕೂತಿದ್ದರು, ಏನಾಗ್ತಿದೆ ಅಂತ ಅವರಿಗೆ ತಿಳಿಯಲಿಲ್ಲ.

ನಾನೇ ನನ್ನ ಓಮ್ನಿಯಲ್ಲಿ ಅವರನ್ನು ಕುಶಾಲನಗರದ ಲಾಡ್ಜಿಗೆ ಬಿಟ್ಟೆ. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಆಟೋ ಹಿಡಿದು ಅದೇ ಮಠಕ್ಕೆ, ಅದೇ ಸ್ಟೂಲಿಗೆ ವಾಪಸ್. ಯಾರೂ ಕೇಳಲಿಲ್ಲ! ಹಗಲಲ್ಲಿ ಗೋಲ್ಡನ್ ಟೆಂಪಲ್ ನೋಡೋಕೆ ಬರುವ ವಿದೇಶಿಯರನ್ನೂ ಯಾರೂ ಕೇಳಲ್ಲವಲ್ಲ. ಅಂದರೆ ಹಗಲೆಲ್ಲ ಆಕೆ ನರ್ಸ್. ಸೂರ್ಯ ಮುಳುಗಿದ ಮೇಲೆ ದೇಶದ ಭದ್ರತೆಗೆ ಅಪಾಯ. ಇದಕ್ಕೆ ಏನು ಅರ್ಥ, ನೀವೇ ಹೇಳಿ. ಆಕೆ ಮತ್ತೆ ಈ ಕಡೆ ಬಂದಿಲ್ಲ. ಬರ್ತಾರೆ ಅಂತ ನನಗೂ ಆಸೆ ಇಲ್ಲ.

ಚೀನಾದವರ ಗೂಢಚಾರರು ಬರಬಹುದು, ಎಚ್ಚರ ಬೇಕು ಅಂತ ನೀವು ಹೇಳಬಹುದು. ಬೇಕು, ಒಪ್ಪಿದೆ. ಹುಡುಕಿ, ಪಾಸ್‌ಪೋರ್ಟ್ ನೋಡಿ, ಕೆಲಸ ಮಾಡಿದ ಆಸ್ಪತ್ರೆಗೆ ಫೋನ್ ಹಚ್ಚಿ. ಎಲ್ಲಾ ಮಾಡಿ, ಮೂವತ್ತು ದಿನದಲ್ಲಿ ಮಾಡಿ.

2014ರಲ್ಲಿ ನಿಮ್ಮ ಇಲಾಖೆಯೇ ಟಿಬೆಟಿಯನ್ ಪುನರ್ವಸತಿ ನೀತಿ ತಂದಿತು. ಅದರಲ್ಲಿ ಕೇಂದ್ರ, ರಾಜ್ಯದ ಕಲ್ಯಾಣ ಯೋಜನೆಗಳು ಇವರಿಗೂ ಸಿಗಲಿ ಅಂತ ಇದೆ. ಒಳ್ಳೆಯ ನೀತಿ. ವರ್ಷಕ್ಕೆ 8 ಕೋಟಿ ರೂಪಾಯಿಯಂತೆ ಕೊಡ್ತಾ ಬಂದಿದ್ದೀರಿ, ಅದು ದೇಶದ ಸೆಟಲ್‌ಮೆಂಟ್ ಕಚೇರಿಗಳ ಆಡಳಿತ, ಕಲ್ಯಾಣದ ಖರ್ಚಿಗೆ. ಸಣ್ಣ ಮಠದ ಕ್ಲಿನಿಕ್‌ವರೆಗೆ ಅದು ಬರಲ್ಲ. 2025ರ ಜನವರಿಯಲ್ಲಿ ಅಮೆರಿಕ ದಿಢೀರನೆ ವಿದೇಶಿ ನೆರವು ನಿಲ್ಲಿಸಿದಾಗ ಟಿಬೆಟಿಯನ್ನರ ಆರೋಗ್ಯ ಯೋಜನೆಗಳಿಗೂ ಪೆಟ್ಟು ಬಿತ್ತು. ಕೊಡೋರು ಕಡಿಮೆ ಆಗಿರೋ ಕಾಲ ಇದು. ಉಳಿದವರ ದುಡ್ಡಿಗಾದರೂ ದಾರಿ ಬಿಡಿ. ನಿಮ್ಮ ಖಜಾನೆಯಿಂದ ಒಂದು ರೂಪಾಯಿ ಕೇಳ್ತಿಲ್ಲ ನಾನು.

ಇನ್ನೊಂದು ಮಾತು. ಆ ಮಠಗಳಲ್ಲಿ ಈಗ ಇರುವ ಹುಡುಗರೆಲ್ಲ ಟಿಬೆಟಿನವರು ಅಂತ ತಿಳಿಯಬೇಡಿ. 2008ರಲ್ಲಿ ಟಿಬೆಟಿನಲ್ಲಿ ಗಲಾಟೆ ಆದ ಮೇಲೆ ಚೀನಾ ಗಡಿ ಬಿಗಿ ಮಾಡಿ, ಅಲ್ಲಿಂದ ಬರೋರು ಹೆಚ್ಚುಕಡಿಮೆ ನಿಂತೇಹೋದರು. ಈಗ ಲಡಾಖ್, ಸ್ಪಿತಿ, ತವಾಂಗ್‌ನಿಂದ ಬರ್ತಾರೆ. ಒಂದೊಂದು ಕೋಣೆಯಲ್ಲಿ ಸಾಲಾಗಿ ಮಲಗ್ತಾರೆ, ಒಬ್ಬರಿಗೆ ಕೆಮ್ಮು ಬಂದರೆ ನಾಲ್ಕು ಜನಕ್ಕೆ ಬರುತ್ತೆ. ನಿಮಗೆ ವೋಟು ಹಾಕುವ ತಂದೆತಾಯಿಯರ ಮಕ್ಕಳು ಅವರು.

ಹಾಗಾಗಿ ಮತ್ತೆ ಕೇಳ್ತೇನೆ. ಸೆಕ್ಷನ್ 50ರಲ್ಲಿ ಒಂದು ಆದೇಶ: ಟಿಬೆಟಿಯನ್ ಮಠಗಳ ವೈದ್ಯಕೀಯ ಖರ್ಚು ಮತ್ತು ಊಟಕ್ಕೆ ಬಂದ ದೇಣಿಗೆಯನ್ನು ಒಂದು ಮಠ ಇನ್ನೊಂದಕ್ಕೆ ಕೊಡಬಹುದು. ಲೆಕ್ಕ ಬೇಕಾದರೆ ಪ್ರತಿ ಬಿಲ್ ಕೇಳಿ, ಬ್ಯಾಚ್ ನಂಬರ್ ಸಮೇತ ನಾನೇ ಕೊಡ್ತೇನೆ, ಜಿಎಸ್‌ಟಿ ಕಟ್ಟಿದ ಬಿಲ್ಲುಗಳೇ ಎಲ್ಲಾ. ಪಿಎಪಿ ಬಗ್ಗೆ ಇನ್ನೊಂದು ಆದೇಶ: ಡಾಕ್ಟರು, ನರ್ಸುಗಳ ಅರ್ಜಿಗೆ ಮೂವತ್ತು ದಿನದಲ್ಲಿ ಹೌದು ಅಥವಾ ಇಲ್ಲ. ಆದೇಶ ಹೊರಡಿಸಿದರೆ ದಯವಿಟ್ಟು ಒಂದು ಪ್ರತಿಯನ್ನು ಮಠಗಳ ಆಡಿಟರುಗಳಿಗೂ ತಲುಪುವ ಹಾಗೆ ನೋಡಿಕೊಳ್ಳಿ. ಸೀಲು ಕಾಣುವವರೆಗೂ ಅವರು ಒಂದು ಚೆಕ್ಕಿಗೂ ಸಹಿ ಹಾಕಿಸಲ್ಲ.

ಇಂತಿ,
ಕುಶಾಲನಗರದ ಒಬ್ಬ ಔಷಧಿ ಅಂಗಡಿಯವನು